ಬೆನ್ನು ತಿರುಗಿಸಿ ಕೂತ ತಾಯಿ

ಒಂದು ದಿನದ ಶೂಟಿಂಗಿಗೆ ಎಷ್ಟು ಖರ್ಚಾಗುತ್ತದೆ ಎನ್ನುವುದು ಸಿನಿಮಾ ನೋಡುವವರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಶೆಡ್ಡಿನ ಬಾಡಿಗೆ, ಅದರೊಳಗೆ ಪ್ಲೈವುಡ್ಡಿನಲ್ಲಿ ಕಟ್ಟಿದ ಸುಳ್ಳು ಮನೆ, ಲೈಟು, ಜನರೇಟರು, ಅದಕ್ಕೆ ಡೀಸೆಲ್ಲು, ಎಪ್ಪತ್ತು ಜನರ ಊಟ, ಹೀರೋ ಕೂತು ಬೆವರೊರೆಸಿಕೊಳ್ಳುವ ಬಸ್ಸಿನಂಥ ಗಾಡಿ. ಎಲ್ಲ ಸೇರಿ ದಿನಕ್ಕೆ ಆರು ಲಕ್ಷ. ನನ್ನ ಅತ್ತಿಗೆಯ ಸಂಬಳ ಆ ಗಾಡಿಯ ಬಾಡಿಗೆಗಿಂತ ಸ್ವಲ್ಪ ಹೆಚ್ಚು, ಹೀರೋನ ಮೇಕಪ್ಪಿನವನ ಸಂಬಳಕ್ಕಿಂತ ಸ್ವಲ್ಪ ಕಡಿಮೆ. ಆದರೆ ಅವಳಿಂದ ಒಂದು ಶಾಟ್ ಕೆಟ್ಟರೆ ಕೆಡುವುದು ಆರು ಲಕ್ಷದ ದಿನ. ಈ ಮಾತನ್ನು ಪ್ರೊಡಕ್ಷನ್ ಮ್ಯಾನೇಜರು ಎಲ್ಲರಿಗೂ ಕೇಳುವ ಹಾಗೆ ಆಗಾಗ ಹೇಳುತ್ತಿದ್ದ. ಮಾತಿಗೊಮ್ಮೆ ಕೈಗಡಿಯಾರ ನೋಡುವ ಚಟದಿಂದ ಅವನಿಗೆ ಗಡಿಯಾರ ಎಂದೇ ಹೆಸರು ಬಿದ್ದಿತ್ತು.

ಎಲ್ಲರಿಗೂ ಕೇಳುವ ಹಾಗೆ ಎಂದೆನಲ್ಲ, ಅತ್ತಿಗೆಗೆ ಮಾತ್ರ ಕೇಳುತ್ತಿರಲಿಲ್ಲ.

ಅವಳ ಕಿವಿ ಕೆಡತೊಡಗಿ ನಾಲ್ಕು ವರ್ಷವಾಗಿತ್ತು. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಆಗಲೇ ಪಕ್ಕದಲ್ಲಿ ಪಾತ್ರೆ ಬಿದ್ದರೆ ಉರುಳಿದ್ದನ್ನು ಕಣ್ಣಲ್ಲಿ ನೋಡಿ ತಿಳಿದುಕೊಳ್ಳುವ ಮಟ್ಟ. ಕಿವಿಗೆ ಮಷೀನು ಹಾಕಿದರೆ ಎಲ್ಲರಿಗೂ ಕಾಣುತ್ತದೆ ಎಂದು ಅದನ್ನೂ ಹಾಕಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಕಿವಿ ಡಾಕ್ಟರಿಗೆ ಮತ್ತು ನನಗೆ. ನಾನು ಅವಳ ನಾದಿನಿ, ಅವಳ ಬಟ್ಟೆ ಹೊಲಿಯುವವಳು, ಅವಳ ಜೊತೆ ಸೆಟ್ಟಿಗೆ ಹೋಗುವವಳು. ಅಣ್ಣ ತೀರಿಕೊಂಡ ಮೇಲೆ ಒಂದೇ ಮನೆಯಲ್ಲಿ ನಾವಿಬ್ಬರೇ.

ಅಣ್ಣ ನಾಟಕ ಕಂಪನಿಯಲ್ಲಿ ಲೈಟಿನವನಾಗಿದ್ದ. ಅತ್ತಿಗೆ ಹದಿನಾರಕ್ಕೆ ಆ ಕಂಪನಿ ಸೇರಿದಳಂತೆ. ಲೈಟು ಬಿದ್ದ ಕಡೆ ನಿಲ್ಲಬೇಕು ಎಂದು ಎಷ್ಟು ಹೇಳಿದರೂ ಅವಳು ತನಗೆ ಬೇಕಾದ ಕಡೆಯೇ ನಿಲ್ಲುತ್ತಿದ್ದಳು. ಕೊನೆಗೆ ಅಣ್ಣನೇ ಅವಳು ನಿಂತ ಕಡೆ ಲೈಟು ತಿರುಗಿಸತೊಡಗಿದ. ಮದುವೆಯಾದ ಮೇಲೂ ಮನೆಯಲ್ಲಿ ನಡೆದದ್ದು ಅದೇ. ಇಪ್ಪತ್ತು ವರ್ಷ ನಾಟಕ ಆಡಿ ಸಿನಿಮಾಕ್ಕೆ ಬಂದಳು. ನಾಯಕಿಯಾಗಿ ಎರಡು ಸಿನಿಮಾ ಮಾಡಿದಳು, ಎರಡೂ ಮಕಾಡೆ ಮಲಗಿದವು. ನಲವತ್ತಕ್ಕೆ ತಾಯಿ ಪಾತ್ರ ಸಿಕ್ಕಿತು. ಆ ಸಿನಿಮಾದಲ್ಲಿ ಅವಳ ಮಗನಾದ ಹೀರೋ ಅವಳಿಗಿಂತ ಎರಡೇ ವರ್ಷ ಚಿಕ್ಕವನು. "ಹೆರಿಗೆ ಸುಲಭ ಆಯ್ತಾ ಅತ್ತಿಗೆ?" ಎಂದು ಕೇಳಿದ್ದೆ. "ಎರಡು ವರ್ಷದವಳಿದ್ದಾಗ ಹೆತ್ತಿದ್ದಲ್ವಾ, ನೆನಪಿಲ್ಲ ಕಣೆ" ಅಂದಿದ್ದಳು. ಅಲ್ಲಿಂದ ಇಪ್ಪತ್ತೊಂದು ವರ್ಷ ತಾಯಿಯಾಗಿಯೇ ಅನ್ನ ಹುಟ್ಟಿಸಿಕೊಂಡಳು.

ಕಿವಿ ಹೋದ ಮೇಲೂ ಇದು ನಡೆದದ್ದಕ್ಕೆ ಕಾರಣ ಸಿನಿಮಾ ಕೆಲಸದ ರೀತಿಯೇ. ಶೂಟಿಂಗಿನಲ್ಲಿ ಆಡಿದ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಪರದೆಯ ಮೇಲಿನ ತುಟಿ ನೋಡಿಕೊಂಡು ಮತ್ತೆ ಮಾತು ಸೇರಿಸುತ್ತಾರೆ. ತುಟಿ ಓದುವುದರಲ್ಲಿ ಅತ್ತಿಗೆಯನ್ನು ಮೀರಿಸುವವರಿರಲಿಲ್ಲ. ಬೇರೆಯವರು ಒದ್ದಾಡುವ ಕಡೆ ಇವಳು ಒಂದೇ ಸಲಕ್ಕೆ ಮುಗಿಸಿ ಕಾಫಿಗೆ ಹೋಗುತ್ತಿದ್ದಳು. ಸೆಟ್ಟಿನಲ್ಲಿ ನಾನು ಸೂಜಿ ದಾರ ಹಿಡಿದು ಕ್ಯಾಮೆರಾದ ಬುಡದಲ್ಲಿ ಕೂರುತ್ತಿದ್ದೆ. ಮೂಗು ಮುಟ್ಟಿದರೆ ನಿನ್ನ ಮಾತು, ಕೈಕಟ್ಟಿದರೆ ಡೈರೆಕ್ಟರು ಕಟ್ ಅಂದರು ಎಂದು ಅರ್ಥ. ಬಟ್ಟೆಯವಳು ಮೂಗು ತುರಿಸಿಕೊಂಡರೆ ಯಾರು ಗಮನಿಸುತ್ತಾರೆ?

ಈ ಹೊಸ ಸಿನಿಮಾದಲ್ಲಿ ಡಬ್ಬಿಂಗೇ ಇರಲಿಲ್ಲ. ಆಡುವಾಗಲೇ ಮಾತನ್ನು ಹಿಡಿದುಕೊಳ್ಳುತ್ತಿದ್ದರು. ಸೌಂಡಿನವನು ದಿನವಿಡೀ ಕಿವಿಗೆ ಎರಡು ಬಟ್ಟಲು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿರುತ್ತಿದ್ದ. ಅವನಿಗೆ ಸೊಳ್ಳೆ ಹಾರಿದ್ದೂ ಕೇಳುತ್ತಿತ್ತು.

ಕತೆ ಕೇಳಿ ಬಂದ ದಿನವೇ ನಾನು ಬೇಡ ಎಂದಿದ್ದೆ.

"ಮಗ ಬೆನ್ನ ಹಿಂದೆ ನಿಂತು ಮಾತಾಡೋ ಸೀನ್ ಇದೆ ಅತ್ತಿಗೆ. ನೀನು ಅವನ ಬಾಯಿ ನೋಡೋ ಹಾಗಿಲ್ಲ. ಅಲ್ಲಿ ಸಿಕ್ಕಿಬೀಳ್ತೀಯಾ."

"ಇಡೀ ಸಿನಿಮಾ ಇರೋದೇ ಆ ಸೀನಲ್ಲಿ ಕಣೆ."

"ಅದಕ್ಕೇ ಹೇಳ್ತಿರೋದು."

"ಅದಕ್ಕೇ ಒಪ್ಕೊಂಡಿರೋದು" ಅಂದಳು. "ಇಷ್ಟು ದಿನ ಬಾಗಿಲು ತೆಗೆಯೋ ತಾಯಿ, ಆಸ್ಪತ್ರೇಲಿ ಅಳೋ ತಾಯಿ. ಈ ತಾಯಿ ಬೇರೆ. ಇವಳನ್ನ ಬಿಟ್ಟರೆ ಇಂಥವಳು ಇನ್ನು ನನ್ನ ಹುಡುಕ್ಕೊಂಡು ಬರಲ್ಲ."

ಕಿವುಡಿ ಎಂದು ಗೊತ್ತಾದರೆ ಪಾತ್ರ ಹೋಗುತ್ತದೆ, ಹೆಸರೂ ಹೋಗುತ್ತದೆ. ಅದು ಅವಳಿಗೂ ಗೊತ್ತಿತ್ತು. ಹನ್ನೊಂದು ದಿನದ ಕೆಲಸ ಹೇಗೋ ದಾಟಿತು. ಹನ್ನೆರಡನೆಯ ದಿನ ಆ ಸೀನು.

ಸೀನು ಇಷ್ಟೇ. ತಾಯಿ ಕುರ್ಚಿಯ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಾಳೆ, ಮುಖ ಕ್ಯಾಮೆರಾಕ್ಕೆ. ಮಗ ಹಿಂದಿನ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಪಕ್ಕದ ಮನೆಯ ಹುಡುಗಿಗೆ ಕಾರು ಗುದ್ದಿಸಿ ನಿಲ್ಲಿಸದೆ ಹೋದವನು ತಾನೇ ಎಂದು ಹೇಳುತ್ತಾನೆ. "ಗಾಡಿ ಓಡಿಸ್ತಿದ್ದಿದ್ದು ನಾನು" ಅಂದ ತಕ್ಷಣ ತಾಯಿಯ ಕೈ ನಿಲ್ಲಬೇಕು. ಅವಳು ತಿರುಗುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಊಟ ಮಾಡಿದ್ಯಾ?" ಅನ್ನುತ್ತಾಳೆ. ಅವನು ಇನ್ನೊಂದು ಮಾತು ಹೇಳುತ್ತಾನೆ. ಅವಳು "ಬೆಳಿಗ್ಗೆ ಇಬ್ರೂ ಹೋಗೋಣ, ಅವರ ಮನೆಗೆ" ಅನ್ನುತ್ತಾಳೆ. ಅಷ್ಟೇ.

ಬೆಳಿಗ್ಗೆ ಇಸ್ತ್ರಿ ಮಾಡುತ್ತಿದ್ದಾಗ ಹೀರೋ ನನ್ನ ಹತ್ತಿರ ಬಂದ. ಮೂವತ್ತು ದಾಟಿರದ ಹುಡುಗ, ಕೆಲಸದಲ್ಲಿ ಶ್ರದ್ಧೆ ಇದ್ದವನು, ಸ್ವಲ್ಪ ಮುಂಗೋಪಿ.

"ಆಂಟಿ, ನಿಮ್ಮ ಅತ್ತಿಗೆಗೆ ಸ್ವಲ್ಪ ಜಾಸ್ತಿನೇ ಅಲ್ವಾ?"

"ಏನಪ್ಪ ಜಾಸ್ತಿ?"

"ಜಂಬ. ದಿನಾ ಹಿಂದಿನಿಂದ ಬಂದು ನಮಸ್ಕಾರ ಅಮ್ಮ ಅಂತೀನಿ. ಒಂದು ದಿನ ತಿರುಗಿ ನೋಡಲ್ಲ. ನಾನೇನು ಅವರ ಆಸ್ತಿ ಕೇಳಿದ್ನಾ?"

"ಪಾತ್ರದೊಳಗೆ ಇರ್ತಾಳಪ್ಪ, ತಪ್ಪು ತಿಳ್ಕೋಬೇಡ."

"ನಾನೂ ಪಾತ್ರದೊಳಗೇ ಇರ್ತೀನಿ. ನಮಸ್ಕಾರ ಹೇಳೋಕೆ ಆಚೆ ಬರ್ತೀನಿ" ಎಂದು ಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ. ಆ ನೋಟ ನನಗೆ ಹಿಡಿಸಲಿಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತುವುದು ತಡವಾಗಿ ರವಿಕೆಯ ತೋಳಿನ ಅಂಚು ಕಂದಿತು.

ರಿಹರ್ಸಲ್ ಸರಿಯಾಗಿ ಹೋಯಿತು. ನಾನು ಕ್ಯಾಮೆರಾದ ಬುಡದಲ್ಲಿದ್ದೆ, ಮೂಗು ಮುಟ್ಟಿದೆ, ಅವಳ ಕೈ ನಿಂತಿತು. ಡೈರೆಕ್ಟರು ತಲೆ ಆಡಿಸಿದರು. ಅಷ್ಟರಲ್ಲಿ ಕ್ಯಾಮೆರಾದವನು ಲೆನ್ಸಿನಿಂದ ಕಣ್ಣು ತೆಗೆದ.

"ಕಿಟಕಿ ಗಾಜಲ್ಲಿ ಯಾರೋ ಕಾಣ್ತಿದಾರೆ. ಬಟ್ಟೆಯಮ್ಮ ಅಲ್ವಾ? ಎದ್ದು ಹೋಗಿ ಅಮ್ಮ ಅಲ್ಲಿಂದ."

"ನಾನು ಇನ್ನೂ ತಗ್ಗಿ ಕೂರ್ತೀನಿ."

"ನೆಲದೊಳಗೆ ಇಳೀತೀರಾ? ಹೋಗಿ ಅಮ್ಮ."

"ಟೈಮ್ ಆಗ್ತಿದೆ" ಎಂದ ಗಡಿಯಾರ.

ಡೈರೆಕ್ಟರು ಅತ್ತಿಗೆಯ ಎದುರಿದ್ದವರನ್ನೆಲ್ಲ ಆಚೆ ಕಳಿಸಿದರು. ನಟಿಯ ಕಣ್ಣಿಗೆ ಅಡ್ಡ ಯಾರೂ ಇರಬಾರದು, ಅವಳಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು. ಇದ್ದ ಒಂದು ದಾರಿಯೂ ಮುಚ್ಚಿತು. ನಾನು ಸೌಂಡಿನವನ ಪಕ್ಕ ಗೋಡೆಗೆ ಒರಗಿ ನಿಂತೆ. ಅಲ್ಲಿಂದ ಅವಳ ಅರ್ಧ ಮುಖ ನನಗೆ ಕಾಣುತ್ತಿತ್ತು, ನಾನು ಅವಳಿಗೆ ಕಾಣುತ್ತಿರಲಿಲ್ಲ.

ಅವಳು ಸೋಲುವವಳಲ್ಲ. "ಮಗು, ಬಂದವನು ನನ್ನ ಕುರ್ಚಿ ಮೇಲೆ ಕೈ ಇಡ್ತೀಯಾ?" ಎಂದು ಹೀರೋನನ್ನು ಕೇಳಿದಳು. ಕೈ ಇಟ್ಟು ಮಾತಾಡಿದರೆ ಮರದಲ್ಲಿ ಮಾತು ನಡುಗುತ್ತದೆ, ಅಷ್ಟು ಸಾಕು ಅವಳಿಗೆ. ಡೈರೆಕ್ಟರು ಒಪ್ಪಲಿಲ್ಲ. "ಅವನಿಗೆ ಹೆದರಿಕೆ ಅಮ್ಮ. ಅಷ್ಟು ಹತ್ತಿರ ಬರೋ ಧೈರ್ಯ ಅವನಿಗೆ ಇರಲ್ಲ" ಅಂದರು. ಅವರ ಮಾತೂ ಸರಿಯೇ.

ಇನ್ನು ಉಳಿದದ್ದು ಉಸಿರಿನ ಲೆಕ್ಕ, ಶಾಟ್ ಶುರುವಾದಾಗಿನಿಂದ ಉಸಿರು ಎಣಿಸಿ ಅವನ ಮಾತು ಎಲ್ಲಿಗೆ ಬಂತು ಎಂದು ಊಹಿಸುವುದು. ಕಂಪನಿಯಲ್ಲಿದ್ದಾಗ ಯಾವ ಮಾತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಎಲ್ಲರಿಗೂ ಬಾಯಿಪಾಠವಾಗಿರುತ್ತಿತ್ತು, ಯಾರೂ ಬರೆದ ಮಾತನ್ನು ಬದಲಿಸುತ್ತಿರಲಿಲ್ಲ. ಬದಲಿಸಿದರೆ ಎದುರಿನವನು ಬೀದಿಪಾಲು. ಸಿನಿಮಾದವರು ಹಾಗಲ್ಲ. ಅವರು ಪ್ರತಿ ಸಲವೂ ಬೇರೆ ಮಾಡಿ ನೋಡುತ್ತಾರೆ.

ಮೊದಲನೆಯ ಟೇಕಿನಲ್ಲಿ ಅವಳ ಕೈ ಬೇಗ ನಿಂತಿತು. ಮಗ ಇನ್ನೂ ಹುಡುಗಿಯ ಹೆಸರು ಹೇಳುತ್ತಿದ್ದ.

"ಅಮ್ಮ, ಸ್ವಲ್ಪ ಮುಂಚೆ ಆಯ್ತು" ಎಂದರು ಡೈರೆಕ್ಟರು ಎದುರಿಗೆ ಬಂದು.

"ಹೌದಾ? ಕ್ಷಮಿಸಿ."

ಎರಡನೆಯದರಲ್ಲಿ ತಡವಾಯಿತು. ಗಡಿಯಾರ ಗಡಿಯಾರ ನೋಡಿದ. ಅತ್ತಿಗೆಯ ಹಣೆಯ ಮೇಲೆ ಬೆವರು ಮೂಡಿತು. ಮೇಕಪ್ಪಿನವಳು ಒತ್ತಿ ಒರೆಸಿ ಹೋದಳು. ಹೀರೋ ಬಾಗಿಲಲ್ಲಿ ನಿಂತು ಅತ್ತಿಗೆಯ ಬೆನ್ನನ್ನೇ ನೋಡುತ್ತಿದ್ದ. ಬೆಳಿಗ್ಗೆ ನೋಡಿದ ಅದೇ ನೋಟ.

ಮೂರನೆಯ ಟೇಕ್ ಶುರುವಾಯಿತು. ಅವನು ಬಂದು ನಿಂತ. ಅವಳು ಒಂದು ಅಂಗಿ ಮಡಚಿದಳು, ಇನ್ನೊಂದನ್ನು ಕೊಡವಿ ತೊಡೆಯ ಮೇಲೆ ಹರಡಿದಳು. ಅವನು ಬಾಯಿ ತೆರೆದ. ಅದೇ ತಗ್ಗಿದ ದನಿ, ಅದೇ ಏರಿಳಿತ. ಮಾತು ಮಾತ್ರ ಬೇರೆ.

"ಅಮ್ಮ, ನಾನು ಹೇಳ್ತಿರೋದು ನಿಮಗೆ ಕೇಳಿಸ್ತಿಲ್ಲ ಅಲ್ವಾ? ಬೆಳಿಗ್ಗೆಯಿಂದ ನೋಡ್ತಿದೀನಿ. ಇದು ಡೈಲಾಗ್ ಅಲ್ಲ. ಕೇಳಿಸ್ತಿದ್ರೆ ಒಂದು ಸಲ ತಿರುಗಿ."

ಅಂಗಿಯ ಮೇಲೆ ಓಡುತ್ತಿದ್ದ ಅವಳ ಕೈ ನಿಂತಿತು. ಸರಿಯಾದ ಹೊತ್ತಿಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಮುಖದಲ್ಲಿ ಏನೋ ಒಂದು ಇಳಿದು ಹೋಯಿತು. ತುಟಿ ಒಣಗಿತು. ಅವಳು ಆ ಮಗನ ತಾಯಿಯಾಗಿ, ಅವನು ಹೇಳದೇ ಇದ್ದ ಮಾತನ್ನು ಕೇಳಿಸಿಕೊಂಡಳು.

"ಊಟ ಮಾಡಿದ್ಯಾ?" ಅಂದಳು.

ನನ್ನ ಪಕ್ಕದ ಸೌಂಡಿನವನು ಕಿವಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಳಿಸಿದ. ಗಡಿಯಾರ ಕೈ ನೋಡಿಕೊಳ್ಳುವುದನ್ನು ಮರೆತ. ಅಷ್ಟು ಜನರಲ್ಲಿ ವಿಷಯ ಗೊತ್ತಾಗದೆ ಉಳಿದವಳು ಅವಳೊಬ್ಬಳೇ. ಅವಳು ಲೆಕ್ಕ ಹಿಡಿದು, ಅವನ ಎರಡನೆಯ ಮಾತಿಗೆ ಜಾಗ ಬಿಟ್ಟು ಕಾಯುತ್ತಿದ್ದಳು. ಅವನು ಏನೂ ಹೇಳಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಆಮೇಲೆ ಅವಳು, "ಬೆಳಿಗ್ಗೆ ಇಬ್ರೂ ಹೋಗೋಣ, ಅವರ ಮನೆಗೆ" ಎಂದು ಖಾಲಿ ಗಾಳಿಗೆ ಹೇಳಿದಳು. ನನ್ನ ಜೀವಮಾನದಲ್ಲಿ ಅವಳು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ನೋಡಿರಲಿಲ್ಲ. ನೋಡಲಾಗದೆ ಕಣ್ಣು ಮುಚ್ಚಿದೆ.

ಡೈರೆಕ್ಟರು ಕಟ್ ಎನ್ನದೆ ಎದ್ದು ಅವಳ ಎದುರಿಗೆ ಹೋಗಿ ನಿಂತರು. ಅವಳು ಅವರ ಮುಖ ನೋಡಿದಳು, ಹಿಂದೆ ಕ್ಯಾಮೆರಾದವನ ಮುಖ ನೋಡಿದಳು.

"ಏನಾಯ್ತು? ಮತ್ತೆ ಮುಂಚೆ ಆಯ್ತಾ?"

ನಾನು ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

"ಗೊತ್ತಾಗೋಯ್ತು ಅತ್ತಿಗೆ. ಅವನು ಬೇರೆ ಮಾತು ಹೇಳಿದ."

"ಏನಂದ?"

ಹೇಳಿದೆ. ಅವಳು ತೊಡೆಯ ಮೇಲಿದ್ದ ಅಂಗಿಯನ್ನು ನಿಧಾನವಾಗಿ ಮಡಚಿ ಮುಗಿಸಿದಳು. ಮಡಚಿದ್ದನ್ನು ಮತ್ತೆ ಒಮ್ಮೆ ಸವರಿದಳು.

ಗಡಿಯಾರ ಮೊದಲು ಬಾಯಿ ಬಿಟ್ಟ. "ಮುಂಚೆನೇ ಹೇಳಬೇಕಿತ್ತಲ್ಲಮ್ಮ. ಇದು ಮೋಸ ಅಲ್ವಾ?"

"ಹೇಳಿದ್ರೆ ಪಾತ್ರ ಕೊಡ್ತಿದ್ರಾ?" ಎಂದೆ ನಾನು.

"ಅದು ಬೇರೆ ಮಾತು."

"ಅದೇ ಮಾತು ಸ್ವಾಮಿ."

ಅವನು ಡೈರೆಕ್ಟರನ್ನು ಪಕ್ಕಕ್ಕೆ ಕರೆದ. "ಬೇರೆಯವರನ್ನ ನಾಳೆನೇ ಕರೆಸ್ತೀನಿ. ತಾಯಂದಿರಿಗೇನು ಬರ." "ಹನ್ನೊಂದು ದಿನದ್ದು ಮತ್ತೆ ತೆಗೀಬೇಕು" ಎಂದರು ಡೈರೆಕ್ಟರು. "ತೆಗೆದ್ರಾಯ್ತು. ಇನ್ನು ಹತ್ತು ದಿನ ಈಯಮ್ಮನ ಜೊತೆ ಹೀಗೇ ಒದ್ದಾಡೋದಕ್ಕಿಂತ ಅಗ್ಗ." ದೂರ ನಿಂತು ಪಿಸುಗುಟ್ಟಿದರೆ ಸಾಕು ಎಂದು ಇಬ್ಬರೂ ಅಂದುಕೊಂಡಿದ್ದರು. ಅತ್ತಿಗೆಗೆ ದೂರ ಒಂದು ಲೆಕ್ಕವೇ? ಅವಳು ಇವನ ಬಾಯಿಂದ ಅವರ ಬಾಯಿಗೆ, ಅವರ ಬಾಯಿಂದ ಇವನ ಬಾಯಿಗೆ ಕಣ್ಣು ಹಾಯಿಸುತ್ತಿದ್ದಳು. ಗಡಿಯಾರ ಬೆನ್ನು ತಿರುಗಿಸಿದ. ಅವಳು ಎದ್ದು ನಿಂತಳು.

"ನನ್ನ ವಿಷಯ ಮಾತಾಡೋರು ನನ್ನ ಕಡೆ ಮುಖ ಮಾಡಿ ಮಾತಾಡಿ."

ಕಂಪನಿಯಲ್ಲಿ ಕೊನೆಯ ಬೆಂಚಿನವನಿಗೂ ಮುಟ್ಟಿಸುತ್ತಿದ್ದ ದನಿ ಅದು. ಶೆಡ್ಡಿನ ತಗಡು ಗುಂಯ್ ಎಂದಿತು. ಗಡಿಯಾರ ತಿರುಗಿದ.

"ಸುಳ್ಳು ಹೇಳಿದ್ದು ತಪ್ಪು. ಅದಕ್ಕೆ ಏನು ಅಂತೀರೋ ಅನ್ನಿ. ಆದ್ರೆ ಈ ಸೀನ್ ನನಗೆ ಬರಲ್ಲ ಅಂತ ಮಾತ್ರ ಅನ್ನಬೇಡಿ. ಇನ್ನೊಂದೇ ಒಂದು ಟೇಕ್ ಕೊಡಿ. ಸರಿ ಬರ್ಲಿಲ್ಲ ಅಂದ್ರೆ ನೀವು ಕಳಿಸೋದು ಬೇಡ, ನಾನೇ ಬಣ್ಣ ಅಳಿಸ್ಕೊಂಡು ಹೋಗ್ತೀನಿ. ಇಷ್ಟು ದಿನದ ದುಡ್ಡೂ ಬೇಡ."

"ಅತ್ತಿಗೆ!" ಎಂದೆ ನಾನು. ಅವಳು ನನ್ನ ಕಡೆ ನೋಡಲೇ ಇಲ್ಲ. ಬೇಡದ ಮಾತು ಕೇಳಿಸಿಕೊಳ್ಳದೆ ಇರುವುದಕ್ಕೆ ಅದೊಂದು ಅನುಕೂಲ ಅವಳಿಗೆ.

ಡೈರೆಕ್ಟರು ಅವಳಿಗೆ ಕಾಣುವ ಹಾಗೆ ನಿಂತು, "ಹೇಗೆ ಮಾಡ್ತೀರಮ್ಮ?" ಎಂದರು.

"ದಾರ ಕೊಡೇ" ಎಂದಳು ನನಗೆ.

ಕಂಪನಿಯಲ್ಲಿ ಕಲ್ಲಾದ ಹೆಂಗಸಿನ ಪಾತ್ರ ಇರುತ್ತಿತ್ತು. ಬೆನ್ನು ತೋರಿಸಿ, ತಲೆತುಂಬ ಬಟ್ಟೆ ಹೊದ್ದು ನಿಂತವಳಿಗೆ ತಮಟೆಯ ಗದ್ದಲದಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಅವಳ ಕಾಲ್ಬೆರಳಿಗೆ ದಾರ ಕಟ್ಟಿ ಪಕ್ಕದಿಂದ ಎಳೆಯುತ್ತಿದ್ದರು. ಎಳೆದಾಗ ಜೀವ ಬರಬೇಕು. ಹದಿನಾರನೆಯ ವಯಸ್ಸಿನಲ್ಲಿ ಅವಳು ಮಾಡಿದ ಮೊದಲ ಪಾತ್ರ ಅದು.

ನಾನು ಕಪ್ಪು ದಾರವನ್ನು ಎರಡೆಳೆ ಮಾಡಿ ಅವಳ ಬಲಗಾಲಿನ ಹೆಬ್ಬೆರಳಿಗೆ ಕಟ್ಟಿದೆ. ಕುರ್ಚಿಯ ಅಡಿಯಿಂದ ಬಾಗಿಲ ತನಕ ಎಳೆದೆ. ಇನ್ನೊಂದು ತುದಿ ನಾನೇ ಹಿಡಿಯೋಣ ಎಂದು ಬಾಗಿಲ ಮರೆಗೆ ಹೋದರೆ ಅವಳು ತಲೆ ಅಲ್ಲಾಡಿಸಿದಳು. ಹೀರೋ ಕಡೆ ಬೆರಳು ತೋರಿಸಿದಳು.

"ಅವನು ಹಿಡೀಲಿ. ಹೇಳೋನೂ ಅವನೇ, ಯಾವಾಗ ಅಂತ ಗೊತ್ತಿರೋದೂ ಅವನಿಗೇ."

ಹುಡುಗನ ಮುಖ ಸುಣ್ಣದ ಹಾಗಿತ್ತು. ಅವಳ ಎದುರಿಗೆ ಬಂದು ನಿಂತ.

"ಅಮ್ಮ, ನೀವು ಬೇಕು ಅಂತಾನೇ ಕೇಳಿಸದ ಹಾಗೆ ಇರ್ತೀರಾ, ಹಾಗೆ ಕೆಣಕಿದ್ರೆ ತಿರುಗ್ತೀರಾ ಅಂದ್ಕೊಂಡಿದ್ದೆ. ಇಲ್ಲಾಂದ್ರೆ ಎಲ್ಲರ ಮುಂದೆ ಹೀಗೆ ಮಾಡ್ತಿರ್ಲಿಲ್ಲ."

"ಎಷ್ಟು ದಿನ ನಮಸ್ಕಾರ ಹೇಳಿದ್ಯಪ್ಪ?"

"ದಿನಾ."

"ಅಷ್ಟೂ ಈಗ ಮುಟ್ಟಿತು. ದಾರ ಜೋರಾಗಿ ಎಳೀಬೇಡ, ಬೆರಳು ನಂದು. ಗಾಳ ಹಾಕಿದೋನು ಎಳೆಯೋ ಹಾಗೆ ಮೆತ್ತಗೆ. ಕಟ್ ಅಂದಾಗ ಎರಡು ಸಲ."

ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡು, ಕೈ ಹಿಂದೆ ಕಟ್ಟಿ ಬಾಗಿಲಲ್ಲಿ ನಿಂತ. ತಪ್ಪು ಮಾಡಿದ ಮಗ ನಿಲ್ಲುವುದೂ ಹಾಗೆಯೇ ಅಲ್ಲವೇ.

ಟೇಕ್ ಶುರುವಾಯಿತು. ಅವಳು ಅಂಗಿ ಮಡಚಿದಳು, ಇನ್ನೊಂದು ತೆಗೆದಳು. ಅವನು ಹುಡುಗಿಯ ಹೆಸರು ಹೇಳಿದ. ಮಳೆ, ಕತ್ತಲು, ರಸ್ತೆ ಎಂದ. ಹೇಳಬೇಕಾದ ಮಾತಿನ ಹತ್ತಿರ ಬಂದು ನಿಂತುಬಿಟ್ಟ. ನಾನು ದಾರ ನೋಡುತ್ತಿದ್ದೆ. ಅದು ನೆಲಕ್ಕೆ ಜೋತುಬಿದ್ದಿತ್ತು. ಉಸಿರಿನ ಲೆಕ್ಕ ಎಂದೋ ಮೀರಿತ್ತು. ಹಿಂದಿನ ಟೇಕುಗಳಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವಳ ಕೈ ನಿಂತು ಎಲ್ಲ ಹಾಳಾಗುತ್ತಿತ್ತು. ಅವಳು ಎರಡನೆಯ ಅಂಗಿಯನ್ನೂ ಮಡಚಿದಳು. ಮೂರನೆಯದು ತೆಗೆದಳು. ಅದರ ಗುಂಡಿ ಹಾಕತೊಡಗಿದಳು. ಅವನು ಉಗುಳು ನುಂಗಿದ್ದಕ್ಕೆ ಸೌಂಡಿನವನ ಯಂತ್ರದ ಮುಳ್ಳು ಎದ್ದು ಬಿತ್ತು.

"ಗಾಡಿ ಓಡಿಸ್ತಿದ್ದಿದ್ದು ನಾನು."

ದಾರ ಬಿಗಿಯಾಯಿತು. ಗುಂಡಿಯ ಮೇಲೆ ಅವಳ ಬೆರಳು ನಿಂತಿತು.

ಅವಳು ಆತುರಪಡಲಿಲ್ಲ. ಆ ಗುಂಡಿಯನ್ನು ಹಾಕಿ ಮುಗಿಸಿದಳು. "ಊಟ ಮಾಡಿದ್ಯಾ?" ಅಂದಳು. ಅವನು ಅಳುತ್ತ ಏನೋ ಅಂದ. ಅರ್ಧ ಬರೆದ ಮಾತು, ಅರ್ಧ ಅವನದೇ. ಮತ್ತೆ ದಾರ ಬಿಗಿಯಾಯಿತು. "ಬೆಳಿಗ್ಗೆ ಇಬ್ರೂ ಹೋಗೋಣ, ಅವರ ಮನೆಗೆ."

"ಕಟ್" ಎಂದರು ಡೈರೆಕ್ಟರು, ಪಿಸುಮಾತಿನಲ್ಲಿ. ಬಾಗಿಲಲ್ಲಿ ಕೈ ಎರಡು ಸಲ ಅಲ್ಲಾಡಿತು. ಅತ್ತಿಗೆ ತಲೆ ಎತ್ತಿದಳು. ಮೊದಲು ನೋಡಿದ್ದು ಡೈರೆಕ್ಟರನ್ನಲ್ಲ, ಗಡಿಯಾರನನ್ನು. ಅವನು ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.

"ಊಟಕ್ಕೆ ಬಿಡಿ, ಟೈಮ್ ಆಯ್ತು" ಅಂದ.

ಪಾತ್ರ ಉಳಿಯಿತು. ಉಳಿದ ಹತ್ತು ದಿನವೂ ಹಿಂದಿನಿಂದ ಮಾತಾಡಬೇಕಾದಾಗಲೆಲ್ಲ ಆ ಹುಡುಗ ದಾರ ಹಿಡಿದ. ತನ್ನ ಶಾಟ್ ಮುಗಿದ ಮೇಲೂ ಗಾಡಿಗೆ ಹೋಗದೆ, ಅವಳ ಸರದಿ ಮುಗಿಯುವ ತನಕ ಕ್ಯಾಮೆರಾದ ಪಕ್ಕ ನಿಂತು ತುಟಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಮಾತು ಒಪ್ಪಿಸಿದ. ಅವನು ಹೊರಗೆ ಯಾರಿಗೂ ಹೇಳಲಿಲ್ಲ. ಆದರೆ ಎಪ್ಪತ್ತು ಜನ ನೋಡಿದ ಗುಟ್ಟು ಗುಟ್ಟಾಗಿ ಎಷ್ಟು ದಿನ ಉಳಿದೀತು? ಸಿನಿಮಾ ತೆರೆಗೆ ಬರುವುದಕ್ಕೆ ಮುಂಚೆಯೇ ಊರಿಗೆಲ್ಲ ಗೊತ್ತಾಗಿತ್ತು. ನೋಡಿದವರು ಆ ಸೀನಿನ ಬಗ್ಗೆ ಮಾತಾಡಿದರು, ಪತ್ರಿಕೆಯವರು ಬರೆದರು. ಹೊಗಳಿ ಫೋನು ಮಾಡಿದ ನಿರ್ಮಾಪಕರಲ್ಲಿ ಒಬ್ಬನೂ ಕೆಲಸಕ್ಕೆ ಕರೆಯಲಿಲ್ಲ. ಮುಂದಿನ ಎರಡು ವರ್ಷ ಅವಳಿಗೆ ಒಂದು ಸಿನಿಮಾವೂ ಬರಲಿಲ್ಲ. ಆಮೇಲೂ ಬರಲಿಲ್ಲ.

ಈಗ ಅವಳು ಕಿವಿಗೆ ಮಷೀನು ಹಾಕಿಕೊಂಡು, ಹೊಸ ಹುಡುಗರ ಒಂದು ಸಣ್ಣ ತಂಡದಲ್ಲಿ ನಾಟಕ ಆಡುತ್ತಾಳೆ. ಸಿಗುವ ದುಡ್ಡು ಆಟೋಗೆ ಸರಿಹೋಗುತ್ತದೆ. ಮನೆ ಖರ್ಚು ನನ್ನ ಹೊಲಿಗೆಯಿಂದ ನಡೆಯುತ್ತದೆ.

ಇಪ್ಪತ್ತೊಂದು ವರ್ಷ ಅನ್ನ ಹಾಕಿದ ಕೆಲಸ ಹೋಯಿತು. ಬೇಕು ಎಂದಿದ್ದ ಒಂದು ಪಾತ್ರ ಸಿಕ್ಕಿತು. ಸರಿಯಾಯಿತಾ ಎಂದು ಒಮ್ಮೆ ಕೇಳಿದೆ. ನಷ್ಟವೇ ಆಯಿತು, ಆದರೆ ಇನ್ನೊಂದು ಸಲ ಕೇಳಿದರೂ ಒಪ್ಪಿಕೊಳ್ಳುತ್ತಿದ್ದೆ ಎಂದಳು.